ಊರಿಗೆ ಬರುವ ದುಡ್ಡು, ಊರಲ್ಲಿ ನಿಲ್ಲುವ ದುಡ್ಡು

ಓದುಗರ ಪ್ರಶ್ನೆ: ನಮ್ಮದು ಬ್ಯಾಡಗಿ. ಮದುವೆಯಾದ ಮೇಲೆ ಬೆಂಗಳೂರಿನಲ್ಲಿದ್ದೇವೆ. ಯಜಮಾನರ ಕಂಪನಿಯಲ್ಲಿ ಕೆಲಸ ಇವತ್ತಿದೆ, ನಾಳೆ ಗೊತ್ತಿಲ್ಲ ಅನ್ನೋ ಹಾಗಾಗಿದೆ. ಊರಿಗೆ ಬಂದು ಮೇನ್ ರೋಡಿನಲ್ಲಿ ಮಕ್ಕಳ ರೆಡಿಮೇಡ್ ಬಟ್ಟೆ ಅಂಗಡಿ ಹಾಕಬೇಕು ಅಂತಿದ್ದೇವೆ. ಕೈಯಲ್ಲಿ ಐದು ಲಕ್ಷ ಇದೆ. ಇನ್ನು ನಾಲ್ಕು ಲಕ್ಷಕ್ಕೆ ನನ್ನ ಬಂಗಾರ ಅಡ ಇಡಬೇಕು. ದೀಪಾವಳಿಗೆ ಊರಿಗೆ ಹೋದಾಗ ನೋಡಿದರೆ ಒಂದೂ ಅರ್ಥವಾಗಲಿಲ್ಲ. ಒಂದು ಕಡೆ ಮೂರು-ನಾಲ್ಕು ಅಂಗಡಿ ಬಾಗಿಲು ಹಾಕಿವೆ, ಬಂಗಾರದ ಸಾಲ ಕೊಡುವ ಬ್ರಾಂಚುಗಳು ಸಾಲಾಗಿ ಬಂದಿವೆ, ಚಹಾದಂಗಡಿಯವರು ‘ಫೋನ್‌ಪೇ ಇಲ್ಲ, ಕ್ಯಾಶ್ ಮಾತ್ರ’ ಅಂತ ಬರೆದಿದ್ದಾರೆ. ಇನ್ನೊಂದು ಕಡೆ ಊರ ಹೊರಗೆ ಎಲ್ಲಿ ನೋಡಿದರೂ ಹೊಸ ಲೇಔಟ್, ದೊಡ್ಡ ಕಲ್ಯಾಣ ಮಂಟಪ, ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. ಮಾವನವರು ‘ಊರಿನ ವ್ಯಾಪಾರ ಸತ್ತು ಹೋಗಿದೆ, ಬರಬೇಡಿ’ ಅಂತಾರೆ. ಮೈದುನ ‘ಊರು ಬೆಳೀತಿದೆ, ಈಗ ಬಂದರೆ ಗೆದ್ದಿರಿ’ ಅಂತಾನೆ. ಯಾರ ಮಾತು ನಂಬಲಿ? ಯುಗಾದಿಗೆ ಅಂಗಡಿ ಶುರು ಮಾಡಬಹುದಾ?

ಉತ್ತರ: ತಂಗಿ, ನಿಮ್ಮ ಮಾವನವರೂ ನಿಜ ಹೇಳುತ್ತಿದ್ದಾರೆ, ಮೈದುನನೂ ನಿಜ ಹೇಳುತ್ತಿದ್ದಾನೆ. ಇಬ್ಬರೂ ನೋಡುತ್ತಿರುವ ಗುರುತುಗಳು ಬೇರೆ, ಅಷ್ಟೇ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಮೈಮೇಲಿನ ಬಂಗಾರ ಒಂದು ಊರಿನ ಮೇಲೆ ಇಡುತ್ತಿದ್ದೀರಿ. ಆ ಊರು ನಿಮ್ಮದೇ ಆದರೂ ಈಗ ಅದರ ಒಳಗುಟ್ಟು ಗೊತ್ತಿಲ್ಲ.

ನನ್ನ ನೌಕರಿ ಪೂರ್ತಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಬ್ಯಾಂಕಿನ ಸಾಲದ ಅರ್ಜಿ ಪರಿಶೀಲಿಸುವುದರಲ್ಲೇ ಕಳೆಯಿತು. ಅಂಗಡಿ ಸಾಲ ಅಂದರೆ ಕಾಗದ ನೋಡಿದರೆ ಮುಗಿಯುವುದಿಲ್ಲ, ಆ ಊರಲ್ಲಿ ಅಡ್ಡಾಡಿ ಬರಬೇಕು. ಹಾಗೆ ಅಡ್ಡಾಡುವಾಗ ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವುದು ನೀವು ಬರೆದ ಇವೇ ಗುರುತುಗಳು. ಇವುಗಳಲ್ಲಿ ಹೆಚ್ಚಿನವು ಊರಿನ ಆರೋಗ್ಯದ ಬಗ್ಗೆ ಏನೂ ಹೇಳುವುದಿಲ್ಲ. ಮೊದಲು ಅವನ್ನು ಪಕ್ಕಕ್ಕಿಡೋಣ.

‘ಫೋನ್‌ಪೇ ಇಲ್ಲ’ ಬೋರ್ಡಿನಿಂದ ಶುರು ಮಾಡುತ್ತೇನೆ. ಅದಕ್ಕೂ ವ್ಯಾಪಾರ ಬಿದ್ದು ಹೋಗುವುದಕ್ಕೂ ಸಂಬಂಧ ಇಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆ ಹೆದರಿಕೆಗೆ ಎಷ್ಟೋ ಕಡೆ ಕ್ಯೂಆರ್ ಸ್ಟಿಕರ್ ಕಿತ್ತು ಹಾಕಿದರು. ಅಲ್ಲೇ ಯೋಚನೆ ಮಾಡಿ: ವ್ಯಾಪಾರ ಇಲ್ಲದವನಿಗೆ ಆ ಹೆದರಿಕೆ ಯಾಕೆ ಬರಬೇಕು?

ಬಸ್ಸಿನ ಗದ್ದಲವೂ ಹಾಗೆಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅಲ್ಲಿಂದ ಬಸ್ ತುಂಬಿದ್ದು ನೋಡಿ ಊರಲ್ಲಿ ದುಡ್ಡು ಓಡಾಡುತ್ತಿದೆ ಅನ್ನುವ ಹಾಗಿಲ್ಲ. ನಿಮ್ಮ ಮಟ್ಟಿಗೆ ಇದರಲ್ಲಿ ಇನ್ನೊಂದು ಮಾತಿದೆ, ಅದನ್ನು ಮುಂದೆ ಹೇಳುತ್ತೇನೆ.

ಲೇಔಟ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಹೊಲದಲ್ಲಿ ಕಲ್ಲು ನೆಟ್ಟು, ಕಮಾನು ಕಟ್ಟಿ, ಬಣ್ಣದ ಬಾವುಟ ಹಾರಿಸಿದರೆ ಅದು ಊರು ಬೆಳೆದ ಗುರುತಲ್ಲ. ಯಾರೋ ತಮ್ಮ ಉಳಿತಾಯವನ್ನು ಮಣ್ಣಿನಲ್ಲಿ ಹೂಳಿಟ್ಟ ಗುರುತು. ಪ್ಲಾಟ್ ಕೊಂಡವರಲ್ಲಿ ಎಷ್ಟೋ ಜನ ಬೆಂಗಳೂರು, ಹುಬ್ಬಳ್ಳಿಯಲ್ಲಿರುತ್ತಾರೆ. ಆ ದುಡ್ಡು ಊರಿನ ಕಿರಾಣಿ ಅಂಗಡಿಗೂ ಬರುವುದಿಲ್ಲ, ಗೌಂಡಿಯ ಕೈಗೂ ಬರುವುದಿಲ್ಲ. ಹಾಗಾಗಿ ಹೊಸ ಲೇಔಟ್ ನೋಡಬೇಡಿ. ಐದಾರು ವರ್ಷದ ಹಿಂದಿನ ಲೇಔಟಿಗೆ ಸಂಜೆ ಏಳು ಗಂಟೆಗೆ ಹೋಗಿ ನಿಲ್ಲಿ. ಎಷ್ಟು ಮನೆಯಲ್ಲಿ ದೀಪ ಇದೆ, ಎಷ್ಟು ಪ್ಲಾಟಿನಲ್ಲಿ ಜಾಲಿ ಬೆಳೆದಿದೆ ನೋಡಿ. ಮನೆಗಳು ಎದ್ದಿದ್ದರೆ ಅಲ್ಲಿ ಸಿಮೆಂಟು, ಕಬ್ಬಿಣ, ಪೇಂಟು, ಬಡಿಗ, ಪ್ಲಂಬರ್ ಎಲ್ಲರಿಗೂ ದುಡ್ಡು ಮುಟ್ಟಿದೆ ಅಂತ ಅರ್ಥ. ಸಬ್ ರಜಿಸ್ಟ್ರಾರ್ ಕಚೇರಿಯ ಗದ್ದಲ ನೋಡಿ ಲೆಕ್ಕ ಹಾಕುವವರೂ ಇದ್ದಾರೆ, ಅದೂ ಮೋಸ. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರಕಾರ ಹಿಡಿಯುವ ಆಸ್ತಿಯ ಕನಿಷ್ಠ ಬೆಲೆ, ಏರಿತು. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಹೋಯಿತು. ಇಂಥ ತಾರೀಖು ಹತ್ತಿರ ಬಂದರೆ ಹಳೇ ದರದಲ್ಲೇ ಮುಗಿಸೋಣ ಅಂತ ಜನ ಮುಗಿಬೀಳುತ್ತಾರೆ, ಆಮೇಲೆ ಕಚೇರಿ ಖಾಲಿ ಹೊಡೆಯುತ್ತದೆ.

ಕಲ್ಯಾಣ ಮಂಟಪ ಬಿಡಿ. ಸಾಲ ಮಾಡಿಯಾದರೂ ಮದುವೆ ಮಾಡುತ್ತಾರೆ ನಮ್ಮ ಜನ.

ಬಂಗಾರದ ಸಾಲದ ಬ್ರಾಂಚುಗಳ ಬಗ್ಗೆ ನಿಮಗೆ ಹೆದರಿಕೆ ಆಗಿದೆ. ಅರ್ಧ ಹೆದರಿಕೆ ಸರಿ. ನಮ್ಮ ಕಡೆ ರೈತರು ಮುಂಗಾರಿಗೆ ಬೀಜ-ಗೊಬ್ಬರಕ್ಕೆ ಬಂಗಾರ ಇಟ್ಟು, ಸುಗ್ಗಿ ಮುಗಿದ ಮೇಲೆ ಬಿಡಿಸಿಕೊಳ್ಳುವುದು ಮೊದಲಿನಿಂದ ನಡೆದು ಬಂದ ಪದ್ಧತಿ. ಅದು ಕಷ್ಟದ ಗುರುತಲ್ಲ, ಬಂಡವಾಳ. ಇನ್ನೊಂದು, 2025ರಲ್ಲಿ ಬಂಗಾರ 10 ಗ್ರಾಮಿಗೆ ಒಂದು ಲಕ್ಷ ದಾಟಿತು. ಅದೇ ಬಳೆಗೆ ಈಗ ಜಾಸ್ತಿ ಸಾಲ ಸಿಗುತ್ತದೆ. ಆದ್ದರಿಂದ ಸಾಲದ ಮೊತ್ತ ಏರಿತು ಅಂದ ಮಾತ್ರಕ್ಕೆ ಮನೆಮನೆಯ ಬಂಗಾರ ಹೋಯಿತು ಅಂತಲ್ಲ. ನೋಡಬೇಕಾದ್ದು ಎರಡು. ಸುಗ್ಗಿಯ ನಂತರ ಜನ ಬಿಡಿಸಿಕೊಳ್ಳುತ್ತಿದ್ದಾರಾ, ಅಥವಾ ಬಡ್ಡಿ ಕಟ್ಟಿ ಅದನ್ನೇ ಹೊಸದು ಮಾಡಿಸಿಕೊಂಡು ಹೋಗುತ್ತಿದ್ದಾರಾ? ಪೇಪರಿನಲ್ಲಿ ಬರುವ ಹರಾಜು ಪ್ರಕಟಣೆಗಳಲ್ಲಿ ನಿಮ್ಮ ಊರಿನ ಬ್ರಾಂಚಿನ ಹೆಸರು ಎಷ್ಟು ಸಲ ಬರುತ್ತಿದೆ? ಬ್ರಾಂಚಿನ ಬೋರ್ಡು ಲೆಕ್ಕ ಮಾಡಿ ಉಪಯೋಗ ಇಲ್ಲ, ಹರಾಜಿನ ಪಟ್ಟಿ ನೋಡಿ.

ಇನ್ನು ಮುಚ್ಚಿದ ಅಂಗಡಿ. ಅಂಗಡಿ ಮುಚ್ಚುವುದಕ್ಕೆ ನೂರೆಂಟು ಕಾರಣ ಇರುತ್ತವೆ: ಅಣ್ಣತಮ್ಮಂದಿರ ಪಾಲಿನ ಜಗಳ, ಮಗ ನೌಕರಿ ಹಿಡಿದದ್ದು, ಮಾಲೀಕ ಬಾಡಿಗೆ ಏರಿಸಿದ್ದು. ಎಸ್‌ಟಿಡಿ ಬೂತ್, ಕ್ಯಾಸೆಟ್ ಅಂಗಡಿ ಹೋದದ್ದು ಊರು ಬಡವಾಗಿ ಅಲ್ಲವಲ್ಲ. ಬಾಗಿಲು ಹಾಕಿದ ಅಂಗಡಿಗೆ ಮುಂದೆ ಯಾರು ಬಂದರು, ಎಷ್ಟು ದಿನಕ್ಕೆ ಬಂದರು ಅನ್ನುವುದು ಮುಖ್ಯ. ಎರಡು-ಮೂರು ತಿಂಗಳಲ್ಲಿ ಬೇರೆಯವರು ಬಂದು ಬಣ್ಣ ಹಚ್ಚಿಸಿದರೆ ಊರಿಗೆ ಏನೂ ಆಗಿಲ್ಲ. ‘ಬಾಡಿಗೆಗೆ ಇದೆ’ ಬೋರ್ಡು ಬಿಸಿಲಿಗೆ ಬಣ್ಣ ಮಾಸಿ, ಕೀಲಿಗೆ ತುಕ್ಕು ಹಿಡಿದಿದ್ದರೆ ಮಾಲೀಕ ಕೇಳುವ ಬಾಡಿಗೆಗೂ ಅಲ್ಲಿ ಆಗುವ ವ್ಯಾಪಾರಕ್ಕೂ ತಾಳೆ ಇಲ್ಲ ಅಂತ ಅರ್ಥ. ಒಂದೇ ಮಳಿಗೆಯಲ್ಲಿ ವರ್ಷಕ್ಕೊಬ್ಬರು ಬಂದು ಹೋಗುತ್ತಿದ್ದರೆ ಇನ್ನೂ ಹುಷಾರಾಗಿರಬೇಕು. ಒಬ್ಬೊಬ್ಬರೂ ತಮ್ಮ ಉಳಿತಾಯ ಅಲ್ಲಿ ಬಿಟ್ಟು ಹೋಗಿರುತ್ತಾರೆ.

ಈಗ ನಿಮ್ಮ ಊರಿನ ಮೂಲಕ್ಕೆ ಬರುತ್ತೇನೆ. ಬ್ಯಾಡಗಿಯನ್ನು ಬೇರೆ ತಾಲೂಕು ಊರಿನ ಹಾಗೆ ನೋಡಿದರೆ ಲೆಕ್ಕ ತಪ್ಪುತ್ತದೆ. ಅದು ಮೆಣಸಿನಕಾಯಿ ಪೇಟೆ. ಸೋಮವಾರ, ಗುರುವಾರ ವ್ಯಾಪಾರಿಗಳು ಕಾಯಿಗೆ ದರ ಹಾಕುವ ಟೆಂಡರ್ ಇದ್ದ ದಿನ ಲಾರಿಗಳ ಸಾಲು ನೋಡಿದರೆ ಈ ಊರಲ್ಲಿ ದುಡ್ಡಿಗೇನು ಕಡಿಮೆ ಅನ್ನಿಸುತ್ತದೆ. ಆದರೆ ಆ ಕಾಯಿ ಎಲ್ಲಿಂದ ಬರುತ್ತದೆ? ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ ಕಡೆಯಿಂದ, ಆಂಧ್ರದಿಂದ ರಾಶಿರಾಶಿ ಬರುತ್ತದೆ. ಮಾರಿದ ರೈತ ದುಡ್ಡು ತಗೊಂಡು ತನ್ನೂರಿಗೆ ಹೋಗುತ್ತಾನೆ. ಕೊಂಡವರು ಮಸಾಲೆ ಪುಡಿ ಕಂಪನಿಯವರು, ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯವರು. ಅವರಲ್ಲಿ ಬಹಳ ಜನರ ಲಾಭದ ಲೆಕ್ಕ ಬೇರೆ ಊರಿನಲ್ಲಿ. ಬ್ಯಾಡಗಿಯಲ್ಲಿ ಉಳಿಯುವುದು ದಲಾಲಿ, ಹಮಾಲಿ, ತೂಕದ ದುಡ್ಡು, ಚೀಲ, ಲಾರಿ ಬಾಡಿಗೆ, ಕೋಲ್ಡ್ ಸ್ಟೋರೇಜ್ ಬಾಡಿಗೆ, ಖಾನಾವಳಿಯ ಊಟ, ಲಾಡ್ಜಿನ ರೂಮು, ಮತ್ತೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿ. ಕೆರೆಗೆ ಎಷ್ಟು ನೀರು ಬಂತು ಅನ್ನುವುದಕ್ಕಿಂತ ಕೋಡಿ ಹರಿದು ಹೋದ ಮೇಲೆ ಎಷ್ಟು ನಿಂತಿತು ಅನ್ನುವುದು ನಿಮಗೆ ಬೇಕಾದ ಲೆಕ್ಕ.

ಇದಕ್ಕೆ 2024ರ ಮಾರ್ಚ್ ನೆನಪು ಮಾಡಿಕೊಳ್ಳಿ. ಆವಕ ಭರ್ಜರಿ ಇತ್ತು, ಲಕ್ಷಗಟ್ಟಲೆ ಚೀಲ ಬಂದಿದ್ದವು. ಅದೇ ದಿನ ದರ ಬಿದ್ದು ರೈತರು ರೊಚ್ಚಿಗೆದ್ದರು, ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಹೊರಗಿನಿಂದ ಬಂದವನಿಗೆ ಆ ಮುಂಜಾನೆ ಊರು ತುಂಬಿ ತುಳುಕಿದ ಹಾಗೆ ಕಂಡಿರುತ್ತದೆ. ಚೀಲದ ಲೆಕ್ಕ ದುಡ್ಡಿನ ಲೆಕ್ಕ ಅಲ್ಲ. ಕೋಲ್ಡ್ ಸ್ಟೋರೇಜಿನ ವಿಷಯದಲ್ಲೂ ಜನ ಮೋಸ ಹೋಗುತ್ತಾರೆ. ಗೋದಾಮು ತುಂಬಿದೆ ಅಂದರೆ ಒಳ್ಳೆಯ ವರ್ಷ ಅಂದುಕೊಳ್ಳುತ್ತಾರೆ. ಮಳೆಗಾಲ ಶುರುವಾದ ಮೇಲೂ ತುಂಬಿಯೇ ಇದ್ದರೆ ದರ ಬರಲಿ ಅಂತ ಕಾಯುತ್ತಿದ್ದಾರೆ, ದುಡ್ಡು ಒಳಗೆ ಸಿಕ್ಕಿಕೊಂಡಿದೆ, ಬಡ್ಡಿ ಓಡುತ್ತಿದೆ ಅಂತ ತಿಳಿಯಬೇಕು.

ಹತ್ತಿರದ ಊರುಗಳ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹಾವೇರಿ 1997ರಲ್ಲಿ ಜಿಲ್ಲೆ ಆಯಿತು. ಕಚೇರಿಗಳು ಬಂದವು, ಪಗಾರದವರು ಬಂದರು. ಅಲ್ಲಿ ಬಟ್ಟೆ ಅಂಗಡಿಗೆ ಪ್ರತಿ ತಿಂಗಳ ಮೊದಲ ವಾರ ಒಂದು ಸಣ್ಣ ಸುಗ್ಗಿ. ರಾಣೆಬೆನ್ನೂರು ಬೀಜದ ಕಂಪನಿಗಳ ಊರು, ಹೆದ್ದಾರಿ ಮೇಲಿದೆ, 2011ರ ಜನಗಣತಿಯಲ್ಲೇ ಲಕ್ಷ ಜನ ದಾಟಿತ್ತು. ಗದಗ-ಬೆಟಗೇರಿಯಲ್ಲಿ ಮಗ್ಗ, ಪ್ರಿಂಟಿಂಗ್ ಪ್ರೆಸ್, ಹತ್ತಿ, ಉಳ್ಳಾಗಡ್ಡಿ ಅಂತ ನಾಲ್ಕಾರು ಕಾಲು ಇವೆ. ಒಂದು ಮುರಿದರೆ ಇನ್ನೊಂದರ ಮೇಲೆ ನಿಲ್ಲುತ್ತದೆ. ನಿಮ್ಮ ಊರು ಹೆಚ್ಚು ಕಡಿಮೆ ಒಂದೇ ಬೆಳೆಯ ಪೇಟೆ ಮೇಲೆ ನಿಂತಿದೆ. ಡಿಸೆಂಬರಿನಿಂದ ಮೇ ತನಕ ಗದ್ದಲ, ಆಮೇಲೆ ತಣ್ಣಗೆ. ಯುಗಾದಿಗೆ ಬಂದು ಊರು ನೋಡಿದವರಿಗೆ ಈ ಊರು ಪೂರ್ತಿ ಕಂಡಿಲ್ಲ. ಇಂಥ ಊರಿನ ನಿಜವಾದ ಬಲ ಗೊತ್ತಾಗುವುದು ಆಷಾಢದಲ್ಲಿ.

ಹಾಗಾದರೆ ಏನು ನೋಡಬೇಕು? ಒಬ್ಬರನ್ನೇ ಕೇಳು ಅಂದರೆ ನಾನು ಪಿಗ್ಮಿ ಕಲೆಕ್ಟ್ ಮಾಡುವವರನ್ನು ಕೇಳುತ್ತೇನೆ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡು ಆಣೆ ಕೂಡಿಸುವ ಪಿಗ್ಮಿ ಠೇವಣಿ ಶುರು ಮಾಡಿತು. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನ ಆಯಿತು, ಪಿಗ್ಮಿ ಮಾತ್ರ ನಮ್ಮ ಊರುಗಳ ಪತ್ತಿನ ಸಂಘಗಳಲ್ಲಿ ಗಟ್ಟಿಯಾಗಿ ಉಳಿದಿದೆ. ಪತ್ತಿನ ಸಂಘ ಅಂದರೆ ನಮ್ಮ ಭಾಗಕ್ಕೆ ಹೊಸದಲ್ಲ, ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಹುಟ್ಟಿದೆ.

ಪಿಗ್ಮಿಯವರು ದಿನಾ ಸಂಜೆ ಅದೇ ಅಂಗಡಿಗಳ ಮುಂದೆ ನಿಲ್ಲುತ್ತಾರೆ. ಇವತ್ತು ಇನ್ನೂರು ಕೊಟ್ಟವನು, ನಾಳೆ ‘ನಾಡಿದ್ದು ಕೊಡ್ತೀನಿ’ ಅಂದವನು, ವಾರಗಟ್ಟಲೆ ಮುಖ ತಪ್ಪಿಸಿದವನು, ಎಲ್ಲ ಅವರಿಗೆ ಗೊತ್ತು. ಅವರು ಯಾರ ಹೆಸರೂ ಹೇಳಬಾರದು, ನೀವೂ ಕೇಳಬೇಡಿ. ಹೀಗೆ ಕೇಳಿ: ಹೋದ ವರ್ಷ ಇದೇ ತಿಂಗಳು ದಿನಕ್ಕೆ ನೂರು ಕಟ್ಟುತ್ತಿದ್ದವರು ಈಗ ಎಷ್ಟು ಕಟ್ಟುತ್ತಿದ್ದಾರೆ? ವಾರದಲ್ಲಿ ಎಷ್ಟು ದಿನ ತಪ್ಪಿಸುತ್ತಾರೆ? ಅವಧಿ ಮುಗಿಯುವ ಮುಂಚೆ ಮುರಿಸಿಕೊಳ್ಳುವವರು ಜಾಸ್ತಿ ಆಗಿದ್ದಾರಾ? ಮುರಿಸಿಕೊಂಡ ದುಡ್ಡು ಆಸ್ಪತ್ರೆಗೆ ಹೋಯಿತಾ, ಸಾಲದ ಕಂತಿಗೆ ಹೋಯಿತಾ, ಹೊಸ ಫ್ರಿಜ್ಜಿಗೆ ಹೋಯಿತಾ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಊರಿನ ಬಗ್ಗೆ ಬಹಳ ಹೇಳುತ್ತದೆ. ಫ್ರಿಜ್ಜಿಗೆ ಮುರಿಸಿದವನಿಗೆ ನಾಳೆಯ ಮೇಲೆ ಭರವಸೆ ಇದೆ. ಕಂತಿಗೆ ಮುರಿಸಿದವನಿಗೆ ನಿನ್ನೆಯದೇ ಮುಗಿದಿಲ್ಲ.

ಎರಡನೆಯದು ಕಿರಾಣಿ ಅಂಗಡಿಯ ಉದ್ರಿ ಖಾತೆ. ಉದ್ರಿ ಇದೆ ಅಂದರೆ ಕಷ್ಟ ಇದೆ ಅಂತ ಅಲ್ಲ. ಉದ್ರಿ ಇಲ್ಲದೆ ನಮ್ಮ ಕಡೆ ಕಿರಾಣಿ ನಡೆಯುವುದೇ ಇಲ್ಲ. ಆ ಪುಸ್ತಕದ ಒಂದು ಹಾಳೆ ನೋಡಿದರೆ ಎಡಕ್ಕೆ ತಾರೀಖು, ನಡುವೆ ಅಕ್ಕಿ, ಎಣ್ಣೆ, ಸಕ್ಕರೆ, ಚಹಾಪುಡಿ, ಬಲಕ್ಕೆ ಮೊತ್ತ, ಕೆಳಗೆ ಕೆಂಪು ಶಾಯಿಯಲ್ಲಿ ‘ಜಮಾ’. ನಾನು ನೋಡುತ್ತಿದ್ದದ್ದು ಆ ಕೆಂಪು ಸಾಲು. 3,200 ಬಾಕಿಗೆ 3,200 ಜಮಾ ಆಗಿ ಅಡಿಗೆರೆ ಬಿದ್ದಿದ್ದರೆ ಮನೆ ಸರಿ ನಡೆದಿದೆ. 3,200ಕ್ಕೆ 1,500 ಜಮಾ, ಮುಂದಿನ ತಿಂಗಳು ‘ಹಿಂದಿನ ಬಾಕಿ’ ಅಂತ ಶುರು, ಮತ್ತೆ ಅರ್ಧ ಜಮಾ, ಹೀಗೆ ಹಾಳೆ ಮೇಲೆ ಹಾಳೆ ಹೋಗುತ್ತಿದ್ದರೆ ಆ ಮನೆ ಮುಳುಗುತ್ತಿದೆ. ಒಂದು ಮನೆ ಹಾಗಿದ್ದರೆ ಅದು ಅವರ ಕಷ್ಟ. ಪುಸ್ತಕದ ಅರ್ಧ ಹಾಳೆಗಳು ಹಾಗಿದ್ದರೆ ಅದು ಊರಿನ ಕಷ್ಟ. ನಿಮಗೆ ಪುಸ್ತಕ ತೋರಿಸುವುದಿಲ್ಲ, ತೋರಿಸಲೂಬಾರದು. ಆದರೆ ಪರಿಚಯದ ಕಿರಾಣಿಯವರನ್ನು ‘ಈಗ ಪೂರ್ತಿ ಚುಕ್ತಾ ಮಾಡುವವರು ಎಷ್ಟು, ಅರ್ಧ ಕೊಡುವವರು ಎಷ್ಟು’ ಅಂತ ಕೇಳಿದರೆ ಅವರು ಯೋಚನೆ ಮಾಡದೆ ಹೇಳುತ್ತಾರೆ.

ಅಲ್ಲೇ ನಿಂತು ಜನ ಏನು ಕೊಳ್ಳುತ್ತಾರೆ ನೋಡಿ. ಶಾಂಪೂ ಪಾಕೀಟು ನೋಡಿ ಬಡತನ ಅಂತ ಲೆಕ್ಕ ಹಾಕಬೇಡಿ. ಎಷ್ಟೋ ಸಲ ಬಾಟಲಿಗಿಂತ ಪಾಕೀಟೇ ಅಗ್ಗ ಬೀಳುತ್ತದೆ, ಅದಕ್ಕೇ ಅನುಕೂಲಸ್ಥರೂ ಸರಗಟ್ಟಲೆ ತಗೊಂಡು ಹೋಗುತ್ತಾರೆ. ಅಡುಗೆ ಎಣ್ಣೆ ನೋಡಿ. 15 ಕೆಜಿ ಡಬ್ಬ ಒಯ್ಯುತ್ತಿದ್ದ ಮನೆ ಲೀಟರ್ ಪಾಕೀಟಿಗೆ ಬಂತಾ, ಲೀಟರ್ ಒಯ್ಯುತ್ತಿದ್ದವರು ಅರ್ಧ ಲೀಟರಿಗೆ ಬಂದರಾ? ಎಣ್ಣೆಯಲ್ಲಿ ಸಣ್ಣದಕ್ಕೆ ಇಳಿಯುವುದು ಇಷ್ಟಪಟ್ಟು ಅಲ್ಲ.

ಇದರ ಹಿಂದೆ ಒಂದು ಹಳೆಯ ಲೆಕ್ಕ ಇದೆ. ಎಂಗೆಲ್ ಅನ್ನುವ ಜರ್ಮನ್ ಅಂಕಿಅಂಶ ತಜ್ಞ 1857ರಲ್ಲೇ ಹೇಳಿದ್ದು: ಗಳಿಕೆ ಕಡಿಮೆ ಇದ್ದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಜಾಸ್ತಿ. 2022-23ರ ಕೇಂದ್ರ ಸರಕಾರದ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 3,773 ರೂಪಾಯಿ, ಪಟ್ಟಣ-ನಗರಗಳಲ್ಲಿ 6,459. ಹಳ್ಳಿಯಲ್ಲಿ ಅದರ ಶೇ 46ರಷ್ಟು ಊಟ-ತಿಂಡಿಗೇ ಹೋಗುತ್ತದೆ. ಉಳಿಯುವುದು ಹತ್ತಿರ ಹತ್ತಿರ ಎರಡು ಸಾವಿರ. ಔಷಧ, ಫೀ, ಮೊಬೈಲ್, ಚಪ್ಪಲಿ, ಬಟ್ಟೆ ಎಲ್ಲ ಅದರಲ್ಲೇ. ನಿಮ್ಮ ಗಿರಾಕಿಗಳಲ್ಲಿ ಬಹಳ ಜನ ಸುತ್ತಲ ಹಳ್ಳಿಯವರೇ ಅಲ್ವಾ? ಎಣ್ಣೆಗೆ ಕೈ ಬಿಗಿ ಹಿಡಿದ ಮನೆ ಮಗುವಿನ ಫ್ರಾಕು ಮುಂದಿನ ಹಬ್ಬಕ್ಕೆ ಅಂತ ಮುಂದೂಡುತ್ತದೆ.

ಬೇರೆ ಗುರುತುಗಳೂ ಇವೆ. ಬೆಳಿಗ್ಗೆ ಕೂಲಿಯವರು ನಿಲ್ಲುವ ಸರ್ಕಲ್ಲಿನಲ್ಲಿ ಒಂಬತ್ತೂವರೆಗೂ ಎಷ್ಟು ಜನ ಬುತ್ತಿ ಗಂಟು ಹಿಡಿದು ಕೂತಿರುತ್ತಾರೆ ನೋಡಿ. ಬೈಕ್ ಗ್ಯಾರೇಜಿನಲ್ಲಿ ಜನ ಸರ್ವಿಸಿಗೆ ಬರುತ್ತಾರಾ, ಗಾಡಿ ನಿಂತ ಮೇಲೆ ತಳ್ಳಿಕೊಂಡು ಬರುತ್ತಾರಾ ಕೇಳಿ. ಜೂನ್‌ನಲ್ಲಿ ಖಾಸಗಿ ಶಾಲೆಯಿಂದ ಟಿಸಿ ತಗೊಂಡು ಸರಕಾರಿ ಶಾಲೆಗೆ ಹೋದ ಮಕ್ಕಳು ಎಷ್ಟು ಅನ್ನುವುದು ನಿಮಗೆ ನೇರ ಸಂಬಂಧಪಟ್ಟದ್ದು. ಖಾಸಗಿ ಶಾಲೆಗೆ ಫೀ ಕಟ್ಟುವ ಮನೆಯೇ ನಿಮ್ಮ ಅಂಗಡಿಗೆ ವರ್ಷಕ್ಕೆ ಮೂರು ಸಲ ಬರುವ ಮನೆ.

ನಾನು ಈಚೆಗೆ ಹೆಚ್ಚು ಚಿಂತೆ ಮಾಡುವುದು ಒಂದು ಗುರುತಿನ ಬಗ್ಗೆ. ಓಣಿಯಲ್ಲಿ ವಾರದ ಒಂದು ದಿನ ಹೆಣ್ಣುಮಕ್ಕಳು ಸಂಘದ ಕಂತು ಕಟ್ಟಲು ಸೇರುತ್ತಾರೆ. ಮೈಕ್ರೋ ಫೈನಾನ್ಸ್ ಸಾಲದಿಂದ ಎಷ್ಟೋ ಮನೆ ಉದ್ಧಾರ ಆಗಿವೆ, ಅದು ಸುಳ್ಳಲ್ಲ. ಆದರೆ ಒಂದೇ ಮನೆಗೆ ಮೂರು-ನಾಲ್ಕು ಕಡೆ ಸಾಲ ಆಗಿ, ಒಂದರ ಕಂತಿಗೆ ಇನ್ನೊಂದು ಎತ್ತುವ ಸ್ಥಿತಿ ಬಂದದ್ದೂ ನಿಜ. ವಸೂಲಿ ಕಿರುಕುಳಕ್ಕೆ ಜನ ಮನೆಗೆ ಬೀಗ ಹಾಕಿ ಹೋಗುವ ಮಟ್ಟಕ್ಕೆ ಮುಟ್ಟಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಗಡಿಯವರನ್ನು ಕೇಳಿ, ಕಂತಿನ ದಿನ ವ್ಯಾಪಾರ ಎಷ್ಟು ಇಳಿಯುತ್ತದೆ ಅಂತ. ಅದೇ ರೀತಿ ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಂದ ವಾರ ಎಷ್ಟು ಏರುತ್ತದೆ ಅಂತಲೂ ಕೇಳಿ. ಆ ದುಡ್ಡು ಹೆಣ್ಣುಮಕ್ಕಳ ಕೈಗೆ ನೇರ ಬರುತ್ತದೆ, ಮಕ್ಕಳ ಬಟ್ಟೆಗೆ ಅದರಲ್ಲಿ ಪಾಲು ಸಿಗುತ್ತದೆ. ಆದರೆ ಆ ದುಡ್ಡು ಯಾವಾಗ ಬರುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ. ಅದನ್ನು ನಂಬಿ ಬಾಡಿಗೆ ಒಪ್ಪಬೇಡಿ.

ಇಷ್ಟು ಹೇಳಿದ ಮೇಲೆ ನಿಮ್ಮ ಅಂಗಡಿಯ ಲೆಕ್ಕ ಮಾಡೋಣ. ಬಾಡಿಗೆ 9,000, ಕೆಲಸದ ಹುಡುಗಿಗೆ 9,000, ಕರೆಂಟು-ಇತರೆ 1,500, ನಾಲ್ಕು ಲಕ್ಷ ಬಂಗಾರದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಹಿಡಿದರೆ 4,000. ಒಟ್ಟು 23,500. ಬಟ್ಟೆಯಲ್ಲಿ ನೂರಕ್ಕೆ 25 ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ಆಗ ತಿಂಗಳಿಗೆ 94,000 ವ್ಯಾಪಾರ ಆಗಬೇಕು, ದಿನಕ್ಕೆ ಮೂರು ಸಾವಿರದ ಮೇಲೆ. ಮುನ್ನೂರು ರೂಪಾಯಿಯ ಬಟ್ಟೆ ಅಂದರೆ ದಿನಾ ಹತ್ತು-ಹನ್ನೊಂದು ಪೀಸು. ಇಷ್ಟಾದರೆ ನಿಮ್ಮ ಕೈಗೆ ಒಂದು ರೂಪಾಯಿ ಬರುವುದಿಲ್ಲ, ಅಂಗಡಿ ಬಾಗಿಲು ತೆರೆದಿರುತ್ತದೆ, ಅಷ್ಟೇ. ಮಾರ್ಚ್‌ನಲ್ಲಿ ಇದು ಆಗಬಹುದು. ಆಷಾಢದ ಮಳೆಯಲ್ಲಿ ಆಗುತ್ತದಾ ಅನ್ನುವುದೇ ಪ್ರಶ್ನೆ. ಬಾಡಿಗೆ, ಪಗಾರ ನಿಮ್ಮೂರಿನ ದರಕ್ಕೆ ಬದಲಿಸಿ ಇದೇ ಲೆಕ್ಕ ಒಮ್ಮೆ ನೀವೇ ಮಾಡಿ.

ಊರು ಚೆನ್ನಾಗಿದ್ದೂ ನಿಮ್ಮ ಅಂಗಡಿಗೆ ತೊಂದರೆ ಆಗುವ ದಾರಿ ಎರಡಿವೆ. ಒಂದು, ಆಗ ಹೇಳಿದ ಬಸ್ಸು. ಟಿಕೆಟ್ ಇಲ್ಲ ಅಂದ ಮೇಲೆ ಹಬ್ಬದ ಬಟ್ಟೆಗೆ ಹೆಣ್ಣುಮಕ್ಕಳು ಹಾವೇರಿ, ರಾಣೆಬೆನ್ನೂರಿಗೆ ಸುಮ್ನೆ ಹೋಗಿ ಬರುತ್ತಾರೆ. ಮದುವೆ ಜವಳಿ ಇದ್ದರೆ ಎರಡು ತಾಸಿನ ಹುಬ್ಬಳ್ಳಿಯೂ ದೂರ ಅಲ್ಲ. ಅಲ್ಲಿನ ದುರ್ಗದಬೈಲು ಪೇಟೆಯಲ್ಲಿ ಆರಿಸುವ ಸುಖ ನಿಮ್ಮ ಹತ್ತಡಿ ಅಂಗಡಿಯಲ್ಲಿ ಸಿಗುವುದಿಲ್ಲ. ಇನ್ನೊಂದು ಆನ್‌ಲೈನ್. ಊರಲ್ಲಿ ಪಾರ್ಸೆಲ್ ಹಂಚುವ ಹುಡುಗರನ್ನು ಪರಿಚಯ ಮಾಡಿಕೊಂಡು ಅವರ ಚೀಲದಲ್ಲಿ ಏನಿರುತ್ತದೆ ಕೇಳಿ. ಮೀಶೋದಂಥ ಆ್ಯಪ್‌ಗಳ ಮಕ್ಕಳ ಬಟ್ಟೆಯೇ ಜಾಸ್ತಿ ಅಂದರೆ ದರದಲ್ಲಿ ಅವರ ಜೊತೆ ಜಗ್ಗಾಡಿ ನೀವು ಗೆಲ್ಲುವುದಿಲ್ಲ. ಅಳತೆ ನೋಡಿ ಹಾಕಿಸಿ ಕೊಡುವುದು, ಬದಲಿಸಿ ಕೊಡುವುದು, ಯೂನಿಫಾರ್ಮ್, ಒಳಉಡುಪು, ಚಿಕ್ಕ ಕೂಸಿನ ಬಟ್ಟೆ, ಸ್ವೆಟರ್, ರೇನ್‌ಕೋಟ್, ಇವತ್ತೇ ಬೇಕು ಅನ್ನುವ ಹುಟ್ಟುಹಬ್ಬದ ಡ್ರೆಸ್, ಇವು ನಿಮ್ಮ ಕೈಯಲ್ಲಿರುವ ಬಲ.

ನಿಮ್ಮ ಮುಂದಿರುವ ದಾರಿಗಳು ಹೀಗೆ ಕಾಣುತ್ತವೆ. ಒಂಬತ್ತು ಲಕ್ಷ ಒಂದೇ ಸಲ ಹಾಕಿ ಯುಗಾದಿಗೆ ಮೇನ್ ರೋಡಿನಲ್ಲಿ ದೊಡ್ಡದಾಗಿ ಶುರು ಮಾಡುವುದು. ಮೊದಲ ಎರಡು ತಿಂಗಳು ಚೆನ್ನಾಗಿ ನಡೆದು ಧೈರ್ಯ ಬರುತ್ತದೆ, ಆ ಧೈರ್ಯದಲ್ಲಿ ಇನ್ನಷ್ಟು ಮಾಲು ತರುತ್ತೀರಿ, ಜುಲೈಗೆ ಮಾಲು ಕಪಾಟಿನಲ್ಲಿ, ಬಡ್ಡಿ ತಲೆ ಮೇಲೆ. ನಾನು ನೋಡಿದ ಬಟ್ಟೆ ಅಂಗಡಿ ಸಾಲಗಳು ಕೆಟ್ಟದ್ದು ಹೆಚ್ಚಾಗಿ ಹೀಗೆಯೇ. ಇದನ್ನು ನಾನು ಬೇಡ ಅನ್ನುತ್ತೇನೆ.

ಎರಡನೆಯದು, ಅಡ್ಡರಸ್ತೆಯಲ್ಲಿ ಸಣ್ಣ ಮಳಿಗೆ, ಮೂರು ಲಕ್ಷದ ಮಾಲು, ಬಂಗಾರ ಮನೆಯಲ್ಲೇ. ಒಂದು ಲಕ್ಷ ಕೈಗಾವಲಿಗೆ ಎತ್ತಿಟ್ಟುಬಿಡಿ, ಅದು ಮಳೆಗಾಲದ ಬಾಡಿಗೆ. ಯಜಮಾನರು ಬೆಂಗಳೂರಿನ ಕೆಲಸ ಬಿಡದೆ, ನೀವು ಮೊದಲು ಬಂದು ಒಂದು ಆಷಾಢ, ಒಂದು ದೀಪಾವಳಿ ದಾಟಿಸುವುದು. ಸಂಸಾರ ಎರಡು ಕಡೆ ಆಗುತ್ತದೆ, ಖರ್ಚು ಏರುತ್ತದೆ, ಮಕ್ಕಳ ಶಾಲೆಯ ತಾಪತ್ರಯ ಇದೆ. ಸಣ್ಣ ಅಂಗಡಿಯಲ್ಲಿ ಆಯ್ಕೆ ಕಡಿಮೆ ಅಂತ ಗಿರಾಕಿ ವಾಪಸ್ ಹೋಗುವುದೂ ಉಂಟು. ಆದರೂ ನಿಮ್ಮ ಜಾಗದಲ್ಲಿ ನನ್ನ ಮಗಳಿದ್ದರೆ ಇದನ್ನೇ ಹೇಳುತ್ತಿದ್ದೆ. ದುಡ್ಡು ಸಾಲದಿದ್ದರೆ ಬಂಗಾರಕ್ಕೆ ಕೈ ಹಾಕುವ ಮುಂಚೆ ಬ್ಯಾಂಕಿನಲ್ಲಿ ಮುದ್ರಾ ಸಾಲ ಕೇಳಿ. ಕಿಶೋರ್ ವಿಭಾಗದಲ್ಲಿ ಐದು ಲಕ್ಷದವರೆಗೆ ಅಡಮಾನ ಇಲ್ಲದೆ ಕೊಡಬಹುದು. ಬಡ್ಡಿ, ಕಂತು ಅಲ್ಲೂ ಇವೆ, ಕಟ್ಟದಿದ್ದರೆ ಮುಂದೆ ಯಾವ ಬ್ಯಾಂಕೂ ಹತ್ತಿರ ಸೇರಿಸುವುದಿಲ್ಲ. ಆದರೆ ಒಂದು ಕೆಟ್ಟ ಹಂಗಾಮಿಗೆ ಬಂಗಾರ ಹರಾಜಿಗೆ ಹೋಗುವುದಿಲ್ಲ.

ಮೂರನೆಯದು, ಹಾವೇರಿ ಅಥವಾ ರಾಣೆಬೆನ್ನೂರಿನಲ್ಲಿ ಹಾಕುವುದು. ವರ್ಷಪೂರ್ತಿ ಗಿರಾಕಿ ಇರುತ್ತಾರೆ. ಆದರೆ ಬಾಡಿಗೆ ಜಾಸ್ತಿ, ಅಡ್ವಾನ್ಸ್ ಜಾಸ್ತಿ, ಪೈಪೋಟಿ ಜಾಸ್ತಿ. ಮುಖ್ಯವಾಗಿ ಅಲ್ಲಿ ನಿಮ್ಮ ಪರಿಚಯ ಇಲ್ಲ. ಬ್ಯಾಡಗಿಯಲ್ಲಿ ‘ಇವರ ಸೊಸೆ’ ಅಂತ ಮೊದಲ ವಾರ ಬರುವ ಗಿರಾಕಿ ಅಲ್ಲಿ ಬರುವುದಿಲ್ಲ.

ಎರಡನೇ ದಾರಿಗೆ ಮನಸ್ಸು ಬಂದರೆ ಯುಗಾದಿಯ ಹಟ ಬಿಡಿ. ಅಷ್ಟರೊಳಗೆ ಟೆಂಡರ್ ಇಲ್ಲದ ಒಂದು ದಿನ, ತಿಂಗಳ ಕೊನೆಯ ವಾರದಲ್ಲಿ ಊರಿಗೆ ಬಂದು ಪಿಗ್ಮಿಯವರನ್ನು, ಕಿರಾಣಿಯವರನ್ನು, ಪಾರ್ಸೆಲ್ ಹುಡುಗರನ್ನು, ಒಂದಿಬ್ಬರು ಶಾಲೆಯವರನ್ನು ಮಾತಾಡಿಸಿ. ಪಿಗ್ಮಿ ಕುಗ್ಗಿದೆ, ಉದ್ರಿ ಅರ್ಧ ಜಮಾದಲ್ಲಿ ನಿಂತಿದೆ, ಶಾಲೆಯಲ್ಲಿ ಟಿಸಿ ಜಾಸ್ತಿ ಆಗಿವೆ, ಮೂರೂ ಕಡೆ ಇದೇ ಮಾತು ಬಂದರೆ ಈ ವರ್ಷ ಬೇಡ. ಒಂದು ಕಡೆ ಮಾತ್ರ ಹಾಗಿದ್ದರೆ ಹೆದರಬೇಡಿ. ಎಲ್ಲ ಸರಿ ಕಂಡರೆ ಶಾಲೆ ಶುರುವಾಗುವ ಮುಂಚೆ, ಮೇ ತಿಂಗಳಲ್ಲಿ ಯೂನಿಫಾರ್ಮ್, ರೇನ್‌ಕೋಟ್ ಇಟ್ಟುಕೊಂಡು ಶುರು ಮಾಡಿ. ಮಳೆಗಾಲದಲ್ಲೂ ಬೇಕಾಗುವ ಮಾಲು ಅದು.

ಮಳಿಗೆ ಮಾಲೀಕರ ಜೊತೆ ಬಾಡಿಗೆ ಮಾತಾಡುವಾಗ ಸುಗ್ಗಿಯ ಗದ್ದಲ ನೋಡಿ ಹೇಳಿದ ದರ ಒಪ್ಪಬೇಡಿ. ಜೂನ್‌ನಿಂದ ನವೆಂಬರ್ ತನಕ ಒಂದು ದರ, ಡಿಸೆಂಬರ್‌ನಿಂದ ಮೇ ತನಕ ಒಂದು ದರ ಅಂತ ಕೇಳಿ ನೋಡಿ. ಖಾಲಿ ಬಿದ್ದ ಮಳಿಗೆ ಇದ್ದವರು ಒಪ್ಪುತ್ತಾರೆ. ಕರಾರು 11 ತಿಂಗಳಿನದಿರಲಿ, ನಡುವೆ ಬಿಟ್ಟರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಕೊಡಬೇಕು ಅನ್ನುವುದನ್ನು ಕರಾರಿನಲ್ಲೇ ಬರೆಸಿಕೊಳ್ಳಿ.